ಒಂದೇ ಒಲೆ, ಮೂರು ರೇಷನ್ ಕಾರ್ಡು

ಇದು ನಮ್ಮ ಅವ್ವನ ತವರುಮನೆಯ ಪ್ರಕರಣ. ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿ. ಊರಿನ ಹೆಸರು, ಮನೆತನದ ಹೆಸರು ಬರೆಯುವುದಿಲ್ಲ. ಬರೆಯಲು ಮನೆಯವರ ಒಪ್ಪಿಗೆ ಇದೆ. ಆದರೆ ಮೂವರು ಮಾಮಂದಿರೂ ಒಂದು ಷರತ್ತು ಹಾಕಿದರು: "ನಮ್ಮನಿ ಅಂತ ಗೊತ್ತಾಗಬಾರದು ನೋಡ." ಈ ವಿಷಯದಲ್ಲಿ ಮೂವರೂ ಒಪ್ಪಿದ ಮಾತು ಅದೊಂದೇ.

2025ರ ದಸರಾ. ಅವ್ವನನ್ನು ಕರೆದುಕೊಂಡು ಕಲಬುರಗಿಯಿಂದ ಹೋಗಿದ್ದೆ. ಆ ವರ್ಷ ಮಳೆ ಬಿಡಲೇ ಇಲ್ಲ. ಮಾಂಜರಾ ತುಂಬಿ ಹರಿದಿತ್ತು. ಸೋಯಾ ಹೊಲದಲ್ಲಿ ನೀರು ನಿಂತಿತ್ತು, ಉದ್ದು ಕೈಬಿಟ್ಟು ಹೋಗಿತ್ತು. ಅದರ ನಡುವೆಯೇ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ. ಸೆಪ್ಟೆಂಬರ್ 22ಕ್ಕೆ ಶುರುವಾಗಿತ್ತು, 60 ಪ್ರಶ್ನೆ. ಊರ ಮಂದಿ ಅದನ್ನು ಜಾತಿ ಗಣತಿ ಅಂತಲೇ ಕರೆಯುತ್ತಾರೆ. ಕರೆಂಟ್ ಮೀಟರ್ ನೋಡಿಕೊಂಡು ಮನೆ ಬಾಗಿಲಿಗೆ ಸ್ಟಿಕ್ಕರ್ ಹಚ್ಚಿ ಹೋಗಿದ್ದರು. ನಮ್ಮ ಮುತ್ಯಾನ, ಅಂದರೆ ಅವ್ವನ ಅಪ್ಪನ ಮನೆಗೂ ಒಂದು ಸ್ಟಿಕ್ಕರ್ ಬಿದ್ದಿತ್ತು.

ಮನೆಯಲ್ಲಿ ಮೀಟರ್ ಒಂದು, ಒಲೆ ಒಂದು, ರೇಷನ್ ಕಾರ್ಡ್ ಮೂರು. ಮುತ್ಯಾ, ಆಯಿ (ಅಜ್ಜಿ), ದೊಡ್ಡ ಮಾಮಾನ ಸಂಸಾರ ಒಂದು ಕಾರ್ಡಿನಲ್ಲಿ. ಭಾಲ್ಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಡುವಿನ ಮಾಮಾಂದು ಬೇರೆ ಕಾರ್ಡು. ಹೈದರಾಬಾದಿನಲ್ಲಿ ಕೆಲಸ ಮಾಡುತ್ತಾ ಹದಿನೈದು ದಿನಕ್ಕೊಮ್ಮೆ ಬರುವ ಸಣ್ಣ ಮಾಮಾಂದು ಇನ್ನೊಂದು. ಅವನ ಹೆಂಡತಿ ಮಕ್ಕಳು ಊರಲ್ಲೇ ಇದ್ದಾರೆ. ಹೊಲ ಇನ್ನೂ ಪಾಲಾಗಿಲ್ಲ. ಕಾರ್ಡು ಮಾತ್ರ ಯಾವತ್ತೋ ಪಾಲಾಗಿವೆ. ಇದು ಯಾವ ಊರಲ್ಲಾದರೂ ಇರುವ ಸಂಗತಿ ಅಲ್ವಾ?

ಲಿಂಗಾಯತ ಮನೆ. ಆಯಿಯ ಕೊರಳಲ್ಲಿ ಇಷ್ಟಲಿಂಗ ಇದೆ, ದಿನಾ ಪೂಜೆ ಆಗದೆ ಬಾಯಿಗೆ ನೀರು ಹಾಕುವುದಿಲ್ಲ. ಸತ್ತವರನ್ನು ಸುಡುವ ಪದ್ಧತಿ ಇಲ್ಲ, ಹೊಲದ ಬದಿಗೆ ಮಣ್ಣು ಮಾಡುತ್ತಾರೆ. ಅದೇ ಮನೆಯಲ್ಲಿ ದಸರೆಗೆ ಘಟ (ದೇವಿಯ ಕಲಶ) ಹಾಕುತ್ತಾರೆ, ಯಾಕೆಂದರೆ ಮನೆದೇವರು ತುಳಜಾಪುರದ ಭವಾನಿ. ಖಾನಾಪುರದ ಮೈಲಾರ ಮಲ್ಲಣ್ಣನಿಗೂ ನಡೆದುಕೊಳ್ಳುತ್ತಾರೆ. ಮೊಹರಂನಲ್ಲಿ ಅಲೈ ಹಬ್ಬಕ್ಕೆ ಸಕ್ಕರೆ ಓದಿಸುತ್ತಾರೆ. ಇದನ್ನೆಲ್ಲ ಒಂದು ಸಮಸ್ಯೆ ಅಂತ ನಾನು ಸಣ್ಣವನಿದ್ದಾಗ ಯಾರ ಬಾಯಲ್ಲೂ ಕೇಳಿರಲಿಲ್ಲ.

ಜಗಳ ಶುರುವಾಗಿದ್ದು ಫೋನಿನಿಂದ. ಮೂರು ಫೋನು, ಮೂರು ಮೆಸೇಜು. ದೊಡ್ಡ ಮಾಮಾನ ಫೋನಿಗೆ ಬಂದದ್ದು: ಧರ್ಮದ ಕಾಲಂನಲ್ಲಿ ಹಿಂದೂ, ಜಾತಿ ಕಾಲಂನಲ್ಲಿ ವೀರಶೈವ ಲಿಂಗಾಯತ ಬರೆಸಿ. ನಡುವಿನ ಮಾಮಾಂಗೆ ಬಂದದ್ದು: ಧರ್ಮದ ಕಾಲಂನಲ್ಲಿ 'ಇತರೆ' ಒತ್ತಿ, ಲಿಂಗಾಯತ ಅಂತ ಬರೆಸಿ. ಸಣ್ಣ ಮಾಮಾಂಗೆ: ಧರ್ಮವೂ ವೀರಶೈವ ಲಿಂಗಾಯತ, ಜಾತಿಯೂ ಅದೇ. ಸೆಪ್ಟೆಂಬರ್ 19ರಂದು ಹುಬ್ಬಳ್ಳಿಯಲ್ಲಿ ವೀರಶೈವ ಲಿಂಗಾಯತ ಏಕತಾ ಸಮಾವೇಶ ನಡೆದಿತ್ತು. ಸ್ವಾಮಿಗಳು, ಪುಢಾರಿಗಳು ಎಲ್ಲ ಒಂದೇ ವೇದಿಕೆ ಹತ್ತಿದರೂ ಧರ್ಮದ ಕಾಲಂ ಬಗ್ಗೆ ಒಂದೇ ಮಾತು ಹೊರಡಲಿಲ್ಲ. ಅಲ್ಲಿ ಆಗದ್ದು ನಮ್ಮ ಪಡಸಾಲೆಯಲ್ಲಿ ಆದೀತೇ?

ಮಾನೌಮಿ ದಿನ ಸಂಜೆ, ಎಲ್ಲರೂ ಉಂಡು ಕೂತಾಗ ದೊಡ್ಡ ಮಾಮಾ ಮೆಲ್ಲಗೆ ಮಾತು ತೆಗೆದ. "ನಾಳೆ ನಾಡಿದ್ದ ಅಕ್ಕೋರು ಬರ್ತಾರ. ಎಲ್ಲಾರೂ ಹಿಂದೂ ಅಂತ ಬರಸೋಣ. ಮನಿ ಒಂದ ಅದ, ಮಾತೂ ಒಂದ ಇರಲಿ."

ನಡುವಿನ ಮಾಮಾ ಅಡಿಕೆ ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ. "ನಾ ಬರಸಂಗಿಲ್ಲಣ್ಣಾ."

ಅಷ್ಟೇ. ಆಮೇಲೆ ಎರಡು ತಾಸು.

ಇಬ್ಬರ ಹಿನ್ನೆಲೆ ಹೇಳಬೇಕು. ಇಲ್ಲದಿದ್ದರೆ ಇದು ಸುಮ್ನೆ ಹಟ ಅನ್ನಿಸುತ್ತದೆ. ನಡುವಿನ ಮಾಮಾ 2017ರ ಜುಲೈ 19ರಂದು ಬೀದರಿನ ರ‍್ಯಾಲಿಗೆ ಹೋಗಿದ್ದ. ಲಿಂಗಾಯತ ಸ್ವತಂತ್ರ ಧರ್ಮ ಅನ್ನುವ ಆ ಸಲದ ದೊಡ್ಡ ಕೂಗು ಎದ್ದದ್ದೇ ನಮ್ಮ ಬೀದರಿನಿಂದ. ಆಮೇಲೆ ಬೆಳಗಾವಿ, ಲಾತೂರು, ಸೆಪ್ಟೆಂಬರ್ 24ಕ್ಕೆ ಕಲಬುರಗಿ. ಅವನು ಅಂಗಡಿ ಮುಚ್ಚಿ ಹೋದದ್ದು ಅದೊಂದೇ ಸಲ. ಆವತ್ತಿನಿಂದ ಅವನು ಘಟದ ಮುಂದೆ ಕೈಮುಗಿಯುವುದಿಲ್ಲ. ಬಸವಣ್ಣ ಗುಡಿಯನ್ನೂ ಜಾತಿಯನ್ನೂ ಬಿಡಿಸಿ ಕೊರಳಿಗೆ ಲಿಂಗ ಕೊಟ್ಟ, ನಾವು ತಿರುಗಿ ಅದೇ ಗುಡಿಗೆ ಹೋಗಿ ನಿಂತೆವು ಅನ್ನುತ್ತಾನೆ. ಬಸವಕಲ್ಯಾಣ ಪಕ್ಕದ ತಾಲ್ಲೂಕು. ಹನ್ನೆರಡನೇ ಶತಮಾನ ಅವನಿಗೆ ಪುಸ್ತಕದ ಮಾತಲ್ಲ, ಬಸ್ ಹತ್ತಿ ಹೋಗುವ ಊರು.

ದೊಡ್ಡ ಮಾಮಾಂದು ಬೇರೆ ದಾರಿ. ಅವನು ಮೊದಲು ಪಕ್ಕಾ ಕಾಂಗ್ರೆಸ್ಸು. ಚಿಂಚೋಳಿಯ ಲಿಂಗಾಯತ ನಾಯಕ ವೀರೇಂದ್ರ ಪಾಟೀಲರು 1989ರಲ್ಲಿ ಪಕ್ಷಕ್ಕೆ 178 ಸ್ಥಾನ ಗೆಲ್ಲಿಸಿ ಕೊಟ್ಟರು. ಮರುವರ್ಷವೇ, ಕಾಯಿಲೆ ಬಿದ್ದಿದ್ದ ಹೊತ್ತಿನಲ್ಲಿ, ಅವರನ್ನು ಮುಖ್ಯಮಂತ್ರಿ ಕುರ್ಚಿಯಿಂದ ಇಳಿಸುವ ಮಾತನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಹೇಳಿಬಿಟ್ಟರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಓಟು ಬದಲಾದದ್ದು ಆವಾಗ. ದೊಡ್ಡ ಮಾಮಾ ಬಿಜೆಪಿ ಕಡೆ ಹೋದದ್ದು ರಾಮನಿಗಿಂತ ಜಾಸ್ತಿ ವೀರೇಂದ್ರ ಪಾಟೀಲರಿಗಾಗಿ. ಹಿಂದೂ ಅನ್ನುವ ಮಾತು ಅವನ ಬಾಯಿಗೆ ಬಂದದ್ದು ಆಮೇಲೆ. ಇದನ್ನು ಅವನ ಎದುರಿಗೇ ಹೇಳಿದ್ದೇನೆ. ನಕ್ಕ, ಇಲ್ಲ ಅನ್ನಲಿಲ್ಲ.

"2018ರಾಗ ಏನಾಯ್ತು?" ಅಂತ ಅವನ ವಾದ. "ಎಲೆಕ್ಷನ್ ಎರಡ ತಿಂಗಳು ಇತ್ತು, ಅವಾಗ ನಮ್ಮ ಧರ್ಮ ನೆನಪಾಯ್ತು ಸರ್ಕಾರಕ್ಕ."

ಈ ಮಾತಿನಲ್ಲಿ ಹುರುಳಿದೆ. ಲಿಂಗಾಯತ ಬೇರೆ ಧರ್ಮ ಹೌದೋ ಅಲ್ಲವೋ ಅಂತ ನೋಡಲು ಆಗಿನ ಕಾಂಗ್ರೆಸ್ ಸರ್ಕಾರದಿಂದ ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಸಮಿತಿ ರಚನೆಯಾದದ್ದು 2017ರ ಡಿಸೆಂಬರಿನಲ್ಲಿ. ವರದಿ ಕೊಟ್ಟದ್ದು 2018ರ ಮಾರ್ಚ್ 2ಕ್ಕೆ. ಸಂಪುಟ ಒಪ್ಪಿದ್ದು ಮಾರ್ಚ್ 19ಕ್ಕೆ. ಮೇ ತಿಂಗಳಲ್ಲಿ ಮತದಾನ. ಒಂದು ಧರ್ಮ ಬೇರೆ ಹೌದೋ ಅಲ್ಲವೋ ಅನ್ನುವುದನ್ನು ಮೂರು ತಿಂಗಳೊಳಗೆ ತೀರ್ಮಾನಿಸಿದರೆ ಜನ ತಾರೀಕು ನೋಡುತ್ತಾರೆಯೇ ಹೊರತು ವರದಿ ಓದುವುದಿಲ್ಲ. 2013ರಲ್ಲಿ 122 ಸ್ಥಾನ ಇದ್ದ ಕಾಂಗ್ರೆಸ್ 2018ರ ಎಣಿಕೆಯ ದಿನ 78ಕ್ಕೆ ನಿಂತಿತು. ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಆ ವರ್ಷವೇ ಪಕ್ಷದ ದೊಡ್ಡ ನಾಯಕರೊಬ್ಬರು ಧರ್ಮದ ವಿಷಯಕ್ಕೆ ಕೈ ಹಾಕಿದ್ದು ತಪ್ಪಾಯಿತು ಅಂತ ಬಹಿರಂಗವಾಗಿ ಹೇಳಿದರು. ವರ್ಷದ ಕೊನೆಗೆ ಕೇಂದ್ರವೂ ಒಪ್ಪಲಿಲ್ಲ. ನಡುವಿನ ಮಾಮಾನ ಕೂಗು ನಿಜವಾದದ್ದೇ ಇತ್ತು. ಅದನ್ನು ಎತ್ತಿಕೊಂಡವರು ಅದನ್ನು ಕೆಡಿಸಿದರು ಅಂತ ನನ್ನ ಅನಿಸಿಕೆ.

ಅಷ್ಟರಲ್ಲಿ ಅವ್ವ ಬಾಯಿ ಹಾಕಿದಳು. "ಧರ್ಮ ಬ್ಯಾರೆ ಅಂತ ಬರಸಿದ್ರ ನನ್ನ ಪಾಲಿನ ಕಥಿ ಏನು?"

ಎಲ್ಲರೂ ಸುಮ್ಮನಾದರು. ಹದಿನೆಂಟು ಎಕರೆ ಹೊಲ, ನಾಲ್ಕು ಮಕ್ಕಳು, ಅದರಲ್ಲೊಬ್ಬಳು ಹೆಣ್ಣುಮಗಳು. ಪಾಲಿನ ಮಾತನ್ನು ಆ ಪಡಸಾಲೆಯಲ್ಲಿ ಅಲ್ಲಿವರೆಗೆ ಯಾರೂ ಆಡಿರಲಿಲ್ಲ. ಧರ್ಮದ ಜಗಳ ಅವಳಿಗೊಂದು ಸಂದು ಕೊಟ್ಟಿತು.

ಅವ್ವನ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿ ಸ್ಪಷ್ಟ ಇದೆ. 1955ರ ಹಿಂದೂ ವಿವಾಹ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಎರಡರಲ್ಲೂ ಇವು ಯಾರಿಗೆ ಅನ್ವಯ ಅಂತ ಹೇಳುವ ಎರಡನೇ ಕಲಮಿನಲ್ಲಿ ವೀರಶೈವ, ಲಿಂಗಾಯತ ಅನ್ನುವ ಹೆಸರು ಹಾಕಿಯೇ ಬರೆದಿದ್ದಾರೆ. ಅದೇ ಕಲಮಿನಲ್ಲಿ ಬೌದ್ಧರು, ಜೈನರು, ಸಿಖ್ಖರೂ ಬರುತ್ತಾರೆ. ಜೈನರನ್ನು 2014ರ ಜನವರಿಯಲ್ಲಿ ದೇಶದ ಮಟ್ಟದಲ್ಲಿ ಅಲ್ಪಸಂಖ್ಯಾತರು ಅಂತ ಘೋಷಿಸಿದರು. ಅದಾದ ಮೇಲೂ ಜೈನರ ಮದುವೆ, ಆಸ್ತಿ ಇದೇ ಕಾಯಿದೆಗಳ ಕೆಳಗೇ ನಡೆಯುತ್ತಿವೆ. ಧರ್ಮ ಬೇರೆ, ಕಾಯಿದೆ ಹಿಂದೂ. ಇದು ವಿಚಿತ್ರ ಅನ್ನಿಸಬಹುದು, ಆದರೆ ದಿನಾ ನಡೆಯುವ ಸಂಗತಿ. 2005ರ ತಿದ್ದುಪಡಿಯ ಪ್ರಕಾರ ಮಗಳಿಗೂ ಮಗನಷ್ಟೇ ಹಕ್ಕು. ಸಮೀಕ್ಷೆಯವರ ಮೊಬೈಲಿನಲ್ಲಿ ಯಾವ ಗುಂಡಿ ಒತ್ತಿದರೂ ಅವ್ವನ ಪಾಲು ಅಲುಗುವುದಿಲ್ಲ.

ನಾನು ಇದನ್ನು ಹೇಳಿದಾಗ ಅವ್ವನ ಮುಖ ಅರಳಿತು. ಮಾಮಂದಿರ ಮುಖ ನಾನು ನೋಡಲಿಲ್ಲ, ನೋಡುವುದು ಬೇಡ ಅನ್ನಿಸಿತು.

ಸಣ್ಣ ಮಾಮಾನ ಚಿಂತೆ ಇನ್ನೊಂದು. ಅವನ ಮಗ ಪಿಯುಸಿ ಎರಡನೇ ವರ್ಷ. ಟಿಸಿಯಲ್ಲಿ 'ಹಿಂದೂ ಲಿಂಗಾಯತ' ಅಂತ ಇದೆ. ಮುಂದೆ ಹಿಂದುಳಿದ ವರ್ಗದ ಮೀಸಲಾತಿಗೆ 3ಬಿ ಸರ್ಟಿಫಿಕೇಟ್, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ 371(ಜೆ) ಸರ್ಟಿಫಿಕೇಟ್, ಎಲ್ಲ ತಹಶೀಲ್ದಾರ್ ಕಚೇರಿಯಿಂದ ಬರಬೇಕು. "ಅಲ್ಲಿ ಒಂದ, ಇಲ್ಲಿ ಒಂದ ಬರಸಿದ್ರ ನಾಳೆ ಹುಡುಗಂಗ ತ್ರಾಸ ಆಗ್ತದೇನು?" ಇದನ್ನೇ ಅವನು ನಾಲ್ಕು ಸಲ ಕೇಳಿದ.

ಬೇರೆ ಧರ್ಮ ಅಂದರೆ ಮೀಸಲಾತಿ ಹೋಗುತ್ತದೆ ಅನ್ನುವುದು ಒಂದು ಹೆದರಿಕೆ, ಬೇರೆ ಧರ್ಮ ಆದರೆ ಜಾಸ್ತಿ ಸಿಗುತ್ತದೆ ಅನ್ನುವುದು ಇನ್ನೊಂದು ಆಸೆ. ಎರಡೂ ಗಾಳಿಸುದ್ದಿ. ರಾಜ್ಯದ 3ಬಿ ಪಟ್ಟಿಯನ್ನೇ ನೋಡಿ. ಅದರಲ್ಲಿ ಲಿಂಗಾಯತರ ಜೊತೆ ಮರಾಠರು, ದಿಗಂಬರ ಜೈನರು, ಕ್ರಿಶ್ಚಿಯನ್ನರೂ ಇದ್ದಾರೆ. ಧರ್ಮ ಬೇರೆ ಇದ್ದವರೂ ಅದೇ ಶೇಕಡಾ 5ರೊಳಗೇ ಕೂತಿದ್ದಾರೆ. ಅಲ್ಪಸಂಖ್ಯಾತ ಮಾನ್ಯತೆಯಿಂದ ಮುಖ್ಯವಾಗಿ ಬಲ ಬರುವುದು ಸಂವಿಧಾನದ 30ನೇ ವಿಧಿಯಲ್ಲಿ ಹೇಳಿದ ಶಿಕ್ಷಣ ಸಂಸ್ಥೆಗಳಿಗೆ. ದೊಡ್ಡ ದೊಡ್ಡ ಕಾಲೇಜು ನಡೆಸುವವರಿಗೆ ಅದು ದೊಡ್ಡ ವಿಷಯ. ಹದಿನೆಂಟು ಎಕರೆ ಮನೆಗೆ ಅಷ್ಟಕ್ಕಷ್ಟೇ. ಇನ್ನು ಸಮೀಕ್ಷೆ ಬಗ್ಗೆ ಹೈಕೋರ್ಟ್ ಸೆಪ್ಟೆಂಬರ್ 25ರಂದೇ ಮಧ್ಯಂತರ ಆದೇಶ ಕೊಟ್ಟಿತ್ತು: ಮಾಹಿತಿ ಕೊಡುವುದು ಜನರ ಇಷ್ಟ, ಒತ್ತಾಯ ಮಾಡುವಂತಿಲ್ಲ, ಕೊಟ್ಟದ್ದನ್ನು ಗುಟ್ಟಾಗಿ ಇಡಬೇಕು. ಟಿಸಿಗೂ ಇದಕ್ಕೂ ಗಂಟು ಹಾಕಬೇಕಾಗಿಲ್ಲ. ನಾನು ಹೇಳಿದೆ. ಸಣ್ಣ ಮಾಮಾ ತಲೆ ಆಡಿಸಿದ, ನಂಬಲಿಲ್ಲ. ಸರ್ಕಾರದ ಕಾಗದದ ಜೊತೆ ಅವನ ಅನುಭವ ನನಗಿಂತ ಜಾಸ್ತಿ. ಅವನನ್ನು ತಪ್ಪು ಅನ್ನಲಾರೆ.

ನಿಜವಾಗಿ ಧರ್ಮದ ಹೆಸರು ಬದಲಾದರೆ ಪೆಟ್ಟು ಬೀಳುವವರು ಬೇರೆ ಇದ್ದಾರೆ, ಅವರ ಮಾತು ಆ ಪಡಸಾಲೆಯಲ್ಲಿ ಬರಲೇ ಇಲ್ಲ. 1950ರ ಪರಿಶಿಷ್ಟ ಜಾತಿ ಆದೇಶ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಲಿಂಗಾಯತ ಬೇರೆ ಧರ್ಮವಾದರೆ, ಲಿಂಗ ಕಟ್ಟಿಕೊಂಡ ದಲಿತ ಕುಟುಂಬಗಳ ಎಸ್‌ಸಿ ಸ್ಥಾನ ಹೋಗುತ್ತದೆ. ಜನಗಣತಿ ಇಲಾಖೆ 2013ರಲ್ಲೇ ಈ ಕಾರಣ ಕೊಟ್ಟು ಬೇಡಿಕೆಯನ್ನು ತಳ್ಳಿಹಾಕಿತ್ತು. ಬಸವಣ್ಣನ ಕೆಲಸವೇ ಅವರನ್ನು ಜೊತೆಗೆ ಕರೆದುಕೊಳ್ಳುವುದಾಗಿತ್ತು. ಬೇಡಿಕೆ ಇಡುವವರು ಈ ಗಂಟು ಬಿಚ್ಚುವುದು ಹೇಗೆ ಅಂತ ಮೊದಲು ಹೇಳಬೇಕು. ನಡುವಿನ ಮಾಮಾಂಗೆ ಕೇಳಿದೆ. "ಆದೇಶಕ್ಕ ತಿದ್ದುಪಡಿ ಮಾಡಬೇಕು, ಬೌದ್ಧರಿಗಿ ಮಾಡಿದಂಗ" ಅಂದ. ಸರಿಯಾದ ಉತ್ತರ. ಆದರೆ ಅದಕ್ಕೆ ಸಂಸತ್ತು ಬೇಕು, ರ‍್ಯಾಲಿ ಸಾಲದು.

ಇಷ್ಟೆಲ್ಲ ನಡೆಯುವಾಗ ಮುತ್ಯಾ ಗೋಡೆಗೆ ಒರಗಿ ಕೂತಿದ್ದ. ಎಂಬತ್ತಾರು ವರ್ಷ. ಕಿವಿ ಮಂದ, ನೆನಪು ಚುರುಕು. ಹಿಂದೂ ಅನ್ನುವ ಶಬ್ದ ಪದೇ ಪದೇ ಬಿದ್ದದ್ದಕ್ಕೋ ಏನೋ, ತನ್ನಷ್ಟಕ್ಕೆ ಮಾತಾಡಲು ಶುರು ಮಾಡಿದ. ಬೀದರ್ ಹೈದರಾಬಾದಿನ ನಿಜಾಮನ ಕೈಯಲ್ಲಿದ್ದ ಕಾಲದ ಮಾತು ಅದು; ರಜಾಕಾರರು ಅಂದರೆ ನಿಜಾಮನ ಪರ ನಿಂತ, ಆಯುಧ ಹಿಡಿದ ಖಾಸಗಿ ಪಡೆ.

"ನಾ ಒಂಬತ್ತ ವರ್ಷದವ ಇದ್ದೆ. ರಜಾಕಾರರು ಬರ್ತಾರಂತ ರಾತ್ರಿ ಜ್ವಾಳದ ಹೊಲದಾಗ ಮಲಗತಿದ್ದಿವಿ. ಅವಾಗ ನೀ ಲಿಂಗಾಯತ ಏನು, ಮರಾಠ ಏನು ಅಂತ ಯಾರೂ ಕೇಳಲಿಲ್ಲ. ಹಿಂದೂ ಅಂದ್ರ ಹಿಂದೂ."

ದೊಡ್ಡ ಮಾಮಾ ಗೆದ್ದವನ ಹಾಗೆ ಎಲ್ಲರನ್ನೂ ನೋಡಿದ. ಮುತ್ಯಾ ನಿಲ್ಲಿಸಿರಲಿಲ್ಲ.

"ಪೊಲೀಸ್ ಆಕ್ಷನ್ ಆಯ್ತು. ಮಿಲ್ಟ್ರಿ ಬಂತು. ಆಮ್ಯಾಲ ನಮ್ಮ ಓಣ್ಯಾಗ ದರ್ಜಿ ಚಾಚಾ ಇದ್ದ, ನನಗ ಅಂಗಿ ಹೊಲದು ಕೊಡವ. ಅವನ ಮನಿ ಖಾಲಿ ಆಯ್ತು. ಅವನಿಗೂ ಒಂದೇ ಮಾತು ಕೇಳಿದ್ರು. ನೀ ಹಿಂದೂ ಏನು, ಮುಸಲ್ಮಾನ ಏನು."

ಆಮೇಲೆ ಏನಾಯಿತು ಅಂತ ನಾನು ಕೇಳಿದೆ. ಮುತ್ಯಾ ಕೈ ಬೀಸಿದ, ಹೇಳಲಿಲ್ಲ.

ಪೊಲೀಸ್ ಆಕ್ಷನ್ ಅಂದರೆ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿದ್ದು. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಆ ದಿನವನ್ನು ನಾವು ಈಗ ಕಲ್ಯಾಣ ಕರ್ನಾಟಕ ಉತ್ಸವ ಅಂತ ಮಾಡುತ್ತೇವೆ, ಬಾವುಟ ಹಾರಿಸುತ್ತೇವೆ. ರಜಾಕಾರರ ಹಿಂಸೆಯ ಮಾತು ಭಾಷಣಗಳಲ್ಲಿ ಬರುತ್ತದೆ, ಬರಬೇಕಾದದ್ದೇ. ಅದರ ಮುಂದಿನ ವಾರಗಳ ಮಾತು ಬರುವುದಿಲ್ಲ. ಕೇಂದ್ರ ಸರ್ಕಾರ ಕಳಿಸಿದ್ದ ಸುಂದರ್‌ಲಾಲ್ ಸಮಿತಿ ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲಿ ಸತ್ತವರು 18,000ಕ್ಕೆ ಕಡಿಮೆ ಇಲ್ಲ ಅಂತ ಬರೆದಿತ್ತು. ಬಹುಪಾಲು ಮುಸ್ಲಿಮರು. ಆ ವರದಿ ದಶಕಗಟ್ಟಲೆ ಕಪಾಟಿನಲ್ಲಿ ಇತ್ತು. ನಮ್ಮ ಭಾಗದಲ್ಲಿ ಹಿಂದೂ ಅನ್ನುವ ಶಬ್ದಕ್ಕೆ ಇಷ್ಟು ತೂಕ ಬಂದದ್ದು ಆ ಎರಡು ಋತುಗಳಲ್ಲಿ. ಒಂದರಲ್ಲಿ ಅದು ಜೀವಕ್ಕೆ ಕುತ್ತು ತಂದಿತು, ಇನ್ನೊಂದರಲ್ಲಿ ಜೀವ ಉಳಿಸಿತು. ಮೈಸೂರು ಕಡೆಯವರಿಗೆ ಈ ತೂಕ ಗೊತ್ತಾಗುವುದು ಕಷ್ಟ. ಅದಕ್ಕೇ ದೊಡ್ಡ ಮಾಮಾನ ಹಟವನ್ನು ಬರೀ ಪಾರ್ಟಿ ಮಾತು ಅಂತ ತಳ್ಳಿಹಾಕಲು ನನಗೆ ಆಗುವುದಿಲ್ಲ. ಹಾಗೆಯೇ ಮುತ್ಯಾನ ಅರ್ಧ ಮಾತು ಹಿಡಿದುಕೊಂಡು ಇನ್ನರ್ಧ ಬಿಡುವುದನ್ನೂ ಒಪ್ಪಲಾರೆ.

ಆ ರಾತ್ರಿ ಮಲಗುವಾಗ ನನಗೆ ಹೊಳೆದದ್ದು ಇದು. ಕಾಲಂ ಒಂದೇ, ಆದರೆ ಯಾರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ದೊಡ್ಡ ಮಾಮಾಂಗೆ ಕೇಳಿಸಿದ್ದು: ಕಷ್ಟ ಬಂದರೆ ನೀವು ಯಾರ ಜೊತೆ ನಿಲ್ಲುತ್ತೀರಿ? ನಡುವಿನ ಮಾಮಾಂಗೆ: ನಿಮ್ಮ ಗುರು ಯಾರು? ಸಣ್ಣ ಮಾಮಾಂಗೆ: ನಿಮ್ಮ ಕಾಗದದಲ್ಲಿ ಏನಿದೆ? ಅವ್ವನಿಗೆ: ನಿಮ್ಮ ಹಕ್ಕು ಎಷ್ಟು? ನಾಲ್ವರ ಉತ್ತರವೂ ಅವರವರ ಪ್ರಶ್ನೆಗೆ ಸರಿಯಾಗಿಯೇ ಇತ್ತು.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಸಂಗತಿ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನಿಜಾಮನ ಕಾಲದಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟ. ಅವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಇದನ್ನು ನೆನಪಿಸಿದೆ. ನಡುವಿನ ಮಾಮಾ ತಟ್ಟನೆ ಅಂದ, "ಅವರು ಹೆದರಿಕಿಗಿ ಬೋರ್ಡ್ ಹಾಕಿದ್ರು. ನಾವು ಯಾರಿಗಿ ಹೆದರಬೇಕು?" ಉತ್ತರ ಕೊಡಲು ನನಗೆ ಆಗಲಿಲ್ಲ.

ದಸರಾ ಮುಗಿದ ಮರುದಿನ ಸಮೀಕ್ಷೆಯ ಅಕ್ಕೋರು ಬಂದರು. ಪಕ್ಕದೂರಿನ ಸರ್ಕಾರಿ ಶಾಲೆಯ ಟೀಚರ್. ಮಳೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬಂದಿದ್ದರು. ದಸರಾ ರಜೆ ಅವರಿಗೆ ಇರಲೇ ಇಲ್ಲ. ಪಡಸಾಲೆಯಲ್ಲಿ ನೆಟ್‌ವರ್ಕ್ ಸಿಗಲಿಲ್ಲ, ಮಾಳಿಗೆ ಹತ್ತಿದರು. ನಾವೆಲ್ಲ ಹಿಂದೆ. ಮೂವರು ಮಾಮಂದಿರೂ ಆಧಾರ್ ಕಾರ್ಡು ಹಿಡಿದು ಸಾಲಾಗಿ ನಿಂತಿದ್ದರು.

ರೇಷನ್ ಕಾರ್ಡ್ ನಂಬರ್ ಹಾಕಿದ ಅಕ್ಕೋರು ಕೇಳಿದರು, "ಯಜಮಾನ್ತಿ ಎಲ್ಲಿ ಅದಾರ್ರಿ?"

ಯಾರಿಗೂ ತಿಳಿಯಲಿಲ್ಲ. 2013ರ ಆಹಾರ ಭದ್ರತಾ ಕಾಯಿದೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಣ್ಣುಮಗಳೇ ಕುಟುಂಬದ ಮುಖ್ಯಸ್ಥೆ. ಮೊದಲ ಕಾರ್ಡಿಗೆ ಆಯಿ. ಎರಡನೆಯದಕ್ಕೆ ನಡುವಿನ ಅತ್ತಿ. ಮೂರನೆಯದಕ್ಕೆ ಸಣ್ಣ ಅತ್ತಿ. ಎರಡು ದಿನ ಮಾತಾಡಿದವರಲ್ಲಿ ಈ ಮೂವರಲ್ಲಿ ಒಬ್ಬರೂ ಇರಲಿಲ್ಲ. ರೊಟ್ಟಿ ಬಡಿಯುತ್ತಿದ್ದರು.

ಆಯಿಯನ್ನು ಮೆಟ್ಟಿಲು ಹತ್ತಿಸಿ ಕರೆತಂದೆವು.

"ಆಯೀ, ಧರ್ಮ ಯಾವುದು ಬರೀಲಿ?"

"ಕೊಳ್ಳಾಗ ಲಿಂಗ ಅದ ನೋಡವ್ವ."

"ಲಿಂಗಾಯತ ಅಂತ ಬರೀಲ್ಯಾ? ಹಿಂದೂ ಅಂತ ಬರೀಲ್ಯಾ?"

"ಅದೂ ಹೌದ, ಇದೂ ಹೌದ. ಎರಡೂ ಬರಿ."

"ಒಂದ ತಗೋತದ ಆಯೀ, ಎರಡ ತಗೊಳಂಗಿಲ್ಲ."

ಆಯಿ ಮೊಬೈಲನ್ನೇ ಸ್ವಲ್ಪ ಹೊತ್ತು ನೋಡಿದಳು. ದೊಡ್ಡ ಮಾಮಾ ಹಿಂದಿನಿಂದ, "ಅವ್ವಾ, ಹಿಂದೂ ಅನ್ನು" ಅಂದ. ಆಯಿ ತಿರುಗಿ, "ನೀನ ಹೇಳು. ನನಗ್ಯಾಕ ಮ್ಯಾಲ ಹತ್ತಿಸಿದಿ?" ಅಂದಳು. ಮೊಣಕಾಲು ಹಿಡಿದುಕೊಂಡು ಇಳಿದು ಹೋದಳು. ಮೊದಲ ಕಾರ್ಡು: ಹಿಂದೂ, ಜಾತಿ ಲಿಂಗಾಯತ.

ನಡುವಿನ ಅತ್ತಿ ಗಂಡನ ಮುಖ ನೋಡಿದಳು. ಅವನು ಹೇಳಿದ್ದನ್ನೇ ಬರೆದರು: ಇತರೆ, ಲಿಂಗಾಯತ. ಆ ಘಟಕ್ಕೆ ಒಂಬತ್ತು ದಿನವೂ ನೀರು ಹಾಕಿದವಳು ಅವಳೇ. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತಿದ್ದೇನೆ.

ಸಣ್ಣ ಅತ್ತಿ ಮಾತ್ರ ಗಂಡನಿಗೆ ಬಾಯಿ ತೆರೆಯಲು ಬಿಡಲಿಲ್ಲ. ಕೆಳಗೆ ಹೋಗಿ ಟ್ರಂಕಿನಿಂದ ಮಗನ ಟಿಸಿ ತಂದು ಅಕ್ಕೋರ ಮುಂದೆ ಹಿಡಿದಳು. "ಇದರಾಗ ಇದ್ದಂಗ ಹಾಕ್ರಿ. ಒಂದ ಅಕ್ಷರ ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ." ಮೂರು ಕಾರ್ಡುಗಳಲ್ಲಿ ಕಾರ್ಡಿನ ಯಜಮಾನ್ತಿಯೇ ತೀರ್ಮಾನ ಮಾಡಿದ್ದು ಇದೊಂದೇ.

ಉಪಜಾತಿ ಕಾಲಂಗೆ ಬಂದಾಗ ಮೂವರದ್ದೂ ಒಂದೇ ಉತ್ತರ, ಅರ್ಧ ನಿಮಿಷದ ಕೆಲಸ. ಅಲ್ಲಿ ಯಾರಿಗೂ ಗೊಂದಲ ಇರಲಿಲ್ಲ. ನಡುವಿನ ಮಾಮಾಂಗೂ ಇರಲಿಲ್ಲ. ಉಳಿದ ಪ್ರಶ್ನೆಗಳಲ್ಲಿ ಹೊಲ ಎಷ್ಟು, ಸಾಲ ಎಷ್ಟು ಅಂತ ಬಂತು. ಆಗ ಮೂವರೂ ಒಟ್ಟಿಗೆ ದನಿ ಇಳಿಸಿದರು.

ಅಕ್ಕೋರು ಹೊರಡುವಾಗ ಆಯಿ ಕಡುಬು ಕಟ್ಟಿ ಕೊಟ್ಟಳು. ಇನ್ನೂ ಏಳು ಮನೆ ಬಾಕಿ ಇತ್ತು ಅವರಿಗೆ.

ಈ ಪ್ರಶ್ನೆ ಮತ್ತೆ ಬರಲಿದೆ. 2027ರ ಫೆಬ್ರವರಿಯಲ್ಲಿ ದೇಶದ ಜನಗಣತಿ, ಅದರಲ್ಲಿ ಧರ್ಮವೂ ಇದೆ, ಈ ಸಲ ಜಾತಿಯೂ ಇದೆ. ಅಲ್ಲಿ ರೇಷನ್ ಕಾರ್ಡಿನ ಲೆಕ್ಕ ನಡೆಯುವುದಿಲ್ಲ. ಜನಗಣತಿಯ ಪ್ರಕಾರ ಕುಟುಂಬ ಅಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಹಾಗಾಗಿ ನಮ್ಮ ಮುತ್ಯಾನ ಮನೆ ಆಗ ಒಂದೇ ಕುಟುಂಬ, ಒಂದೇ ಹಾಳೆ. ಧರ್ಮ ಮಾತ್ರ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕೇಳುತ್ತಾರೆ. ಹೋದ ತಿಂಗಳು ಫೋನಿನಲ್ಲಿ ಇದನ್ನು ಹೇಳಿದೆ. ದೊಡ್ಡ ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂಗಾದ್ರ ಅವ್ವನ್ನ ಮತ್ತ ಕೇಳ್ತಾರೇನು?" ಅಂದ.